ಬೇತಾಳನ ಪ್ರಶ್ನೆ, ಹಯವದನನ ಕೆನೆತ

ಕಥೆಗಳಲ್ಲಿ ಭೂತಪ್ರೇತಗಳು ಬರುವುದು ಭಯ ಹುಟ್ಟಿಸುವುದಕ್ಕಾಗಿ ಎಂಬುದು ಸಾಮಾನ್ಯ ಭಾವನೆ. ಬ್ರಾಮ್ ಸ್ಟೋಕರನ ಡ್ರಾಕುಲಾ (1897) ರಕ್ತ ಹೀರುತ್ತಾನೆ. ನಮ್ಮ ಬೇತಾಳನಾದರೋ ರಾಜನ ಹೆಗಲೇರಿ ಕಥೆ ಹೇಳುತ್ತಾನೆ, ಕೊನೆಗೆ ಪ್ರಶ್ನೆ ಕೇಳುತ್ತಾನೆ. ‘ಚಂದಮಾಮ’ ಓದಿ ಬೆಳೆದ ನಮ್ಮ ಮನೆಗಳಿಗೆ ಈತ ಹಳೆಯ ಪರಿಚಿತ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದ ಪ್ರಕಾರ ಆ ರಾಜ ತ್ರಿವಿಕ್ರಮಸೇನನ ಊರು ಗೋದಾವರಿ ತೀರದ ಪ್ರತಿಷ್ಠಾನ, ಅಂದರೆ ಮರಾಠವಾಡದ ಪೈಠಣ. ನಮ್ಮ ಮಾಂಜರಾ ನದಿ ಕಡೆಗೆ ಸೇರುವುದೂ ಆ ಗೋದಾವರಿಯನ್ನೇ.

ಈ ಕಥಾಮಾಲೆಯ ಒಡಲಲ್ಲಿ ಒಂದು ಪತ್ತೇದಾರಿಯೂ ಅಡಗಿದೆ. ಶವವನ್ನು ತರಹೇಳಿದ ಭಿಕ್ಷು ರಾಜನನ್ನೇ ಬಲಿಕೊಡಲು ಹೊಂಚಿದ್ದಾನೆ. ಆ ಸಂಚನ್ನು ಬಯಲಿಗೆಳೆಯುವವನು ಬೇತಾಳ. ಕೇಡು ಮನುಷ್ಯನಲ್ಲಿ, ಹಿತ ಪಿಶಾಚಿಯಲ್ಲಿ! ಓದುಗನಿಗೆ ರುಚಿಸುವುದು ಈ ತಿರುವೇ.

ಅವನ ಪ್ರಶ್ನೆಗಳಲ್ಲೊಂದು ತಲೆಗಳು ಅದಲುಬದಲಾದ ಇಬ್ಬರದು. ಆ ಹೆಣ್ಣಿಗೆ ಪತಿ ಯಾರು? ಗಂಡನ ತಲೆಯುಳ್ಳವನೇ ಪತಿ ಎಂದು ರಾಜ ತೀರ್ಪಿತ್ತನು. ಮೂಲದಲ್ಲಿ ಆ ಇಬ್ಬರು ಅವಳ ಗಂಡ ಮತ್ತು ಅಣ್ಣ. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದು, ತೀರ್ಪಿನ ನಂತರದ ಬಾಳನ್ನೂ ಬರೆದನು. ಅದನ್ನು ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ (1971) ಯಕ್ಷಗಾನದ ಭಾಗವತನಿಗೆ, ಮಾತಾಡುವ ಗೊಂಬೆಗಳಿಗೆ, ನಿದ್ದೆಗಣ್ಣಿನ ಕಾಳಿಗೆ ಒಪ್ಪಿಸಿದರು. ದೇವದತ್ತನ ಮೈಯನ್ನು ಪಡೆದ ಕಪಿಲ, ದೇಹಕ್ಕೂ ತನ್ನದೇ ನೆನಪುಗಳುಂಟೆಂದು ಅರಿತು ತಳಮಳಿಸುವ ದೃಶ್ಯ ನಾಟಕದ ಶಿಖರ. ಅಲ್ಲಿ ರಾಜನ ತೀರ್ಪು ಸೋಲುತ್ತದೆ. ಆದರೆ ಅಷ್ಟು ಚೂಟಿಯಾದ ಪದ್ಮಿನಿಯನ್ನು ಕೊನೆಗೆ ಚಿತೆಗೇರಿಸಿ ಹಳೆಯ ಕಥೆಗೇ ಮರಳಿಸಿದ್ದು ನಮಗೆ ಒಪ್ಪಿಗೆಯಾಗದು.

ಕುದುರೆ ತಲೆಯ ಹಯವದನನು ಕಾರ್ನಾಡರ ಸ್ವಂತ ಸೃಷ್ಟಿ. ಪೂರ್ಣತೆಯನ್ನು ಬೇಡಿದ ಅವನಿಗೆ ಪೂರ್ಣ ಕುದುರೆಯ ರೂಪ ದಕ್ಕುತ್ತದೆ; ಕಟ್ಟಕಡೆಗೆ ಉಳಿದಿದ್ದ ಮನುಷ್ಯನ ಮಾತೂ ಹೋಗಿ ಕೆನೆತ ಬರುತ್ತದೆ. ಪ್ರೇಕ್ಷಕರು ನಗುವ ಈ ಗಳಿಗೆಯಲ್ಲಿ ಗಡಿಯ ಕನ್ನಡಿಗರಾದ ನಮಗೆ ನಗು ಅರ್ಧಕ್ಕೇ ನಿಲ್ಲುತ್ತದೆ. 1956ರಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯವನ್ನು ಸೇರಿದವು. ಅಲ್ಲಿಯೂ ಉಮರ್ಗಾದಲ್ಲಿಯೂ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಎರಡೂ ನಮ್ಮವೇ, ಬೆರಕೆಯಲ್ಲಿ ಅವಮಾನವಿಲ್ಲ. ಒಂದೇ ಆಗಿ ಪೂರ್ಣರಾಗಿರೆಂದು ಯಾರಾದರೂ ಹೇಳಿದರೆ ಹಯವದನನನ್ನು ನೆನೆಯೋಣ. ಪೂರ್ಣತೆಗೆ ಅವನು ತೆತ್ತ ಬೆಲೆ ಮಾತು. ಆ ಬೆಲೆಯನ್ನು ನಾವು ತೆರಲಾರೆವು. ಸಂಘದ ಮನೆಮನೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ಈ ನಾಟಕವನ್ನು ಗಟ್ಟಿಯಾಗಿ ಓದಲಿ ಎಂಬುದೇ ನಮ್ಮ ಬಿನ್ನಹ.