ಅಲಗಿನ ರುಚಿ: ಕ್ಷೌರಗತ್ತಿ ಹಿಡಿಯಬಯಸುವವರಿಗೊಂದು ಕೈಪಿಡಿ

ಬಾದಾಮಿಯಿಂದ ಮಹಾಕೂಟಕ್ಕೆ ಬೆಟ್ಟದ ಕಾಲುದಾರಿಯಲ್ಲಿ ನಡೆದವರಿಗೆ ಇಲ್ಲಿಯ ಮರಳುಗಲ್ಲಿನ ಒರಟುತನ ಗೊತ್ತು. ಕುಡುಗೋಲು ಮಸೆಯಲು ಆ ಕಲ್ಲು ಸಾಕು, ಕ್ಷೌರದ ಕತ್ತಿಗೆ ಸಾಲದು. ಮರಳಿನ ಕಣ ಎಷ್ಟೇ ಸಣ್ಣದಾದರೂ 60 ಮೈಕ್ರಾನಿಗಿಂತ ಕೆಳಗಿಳಿಯುವುದಿಲ್ಲ. ಕ್ಷೌರದ ಅಲಗಿಗೆ ಕಡೆಯ ಸಾಣೆ ಕೊಡುವ ಕಲ್ಲಿನ ಕಣ 1ರಿಂದ 3 ಮೈಕ್ರಾನ್. ಅಲಗಿನ ಬಾಯಿ ಅದಕ್ಕಿಂತಲೂ ತೆಳ್ಳಗಿರುತ್ತದೆ. ಕಣ್ಣಿಗೆ ಕಾಣದ ಆ ಗೆರೆಯ ಮೇಲೆ ಈ ಕಲೆಯ ಸೊಗಸೆಲ್ಲ ನಿಂತಿದೆ. ಹಾಗಾಗಿ ಹೊಸಬರು ದುಡ್ಡು ಹಾಕಬೇಕಾದದ್ದು ಅಲಗಿಗೆ. ದಂತದ ಬಣ್ಣದ ಹಿಡಿ, ಕೆತ್ತಿದ ಬೆನ್ನು, ಮಖಮಲ್ಲಿನ ಪೆಟ್ಟಿಗೆ ಇವೆಲ್ಲ ಆಮೇಲೆ ಬರಲಿ.

ಏನನ್ನಾದರೂ ಕೊಳ್ಳುವ ಮೊದಲು ಒಬ್ಬ ಹಿರಿಯ ಕ್ಷೌರಿಕರ ಕುರ್ಚಿಯಲ್ಲಿ ಕೂತು ಬನ್ನಿ. ಗುಳೇದಗುಡ್ಡ, ಕೆರೂರು, ಕಮತಗಿ, ಇಳಕಲ್ಲಿನ ಬಜಾರಗಳಲ್ಲಿ ಅಂಥ ಅಂಗಡಿಗಳು ಇನ್ನೂ ಇವೆ. ಅಲ್ಲಿ ಕತ್ತಿ ಹಿಡಿದ ಕೈಯನ್ನಷ್ಟೇ ನೋಡಬೇಡಿ, ಎಡಗೈಯನ್ನು ನೋಡಿ. ಬಲಗೈ ಕದಲುವ ಮೊದಲೇ ಅದು ಚರ್ಮವನ್ನು ಹಿಂದಕ್ಕೆ ಜಗ್ಗಿ ಬಿಗಿ ಮಾಡಿರುತ್ತದೆ. ಅಲಗು ಮುಖಕ್ಕೆ ಹೆಚ್ಚುಕಡಿಮೆ ಮಲಗಿಕೊಂಡೇ ಸಾಗುತ್ತದೆ, 30 ಡಿಗ್ರಿ ದಾಟುವುದಿಲ್ಲ. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ. ಕಿವಿಯನ್ನೂ ತೆರೆದಿಟ್ಟುಕೊಳ್ಳಿ. ಒಳ್ಳೆಯ ಅಲಗು ಗಡ್ಡದ ಮೇಲೆ ಒಂದೇ ಸಮನಾದ ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ತಡವರಿಸಿದರೆ, ಕೂದಲು ಬೇರಿನಿಂದ ಜಗ್ಗಿದಂತಾದರೆ, ಬಾಯಿ ಮೊಂಡಾಗಿದೆ ಎಂದೇ ಅರ್ಥ.

ಇಂದು ಆ ಅಂಗಡಿಗಳಲ್ಲಿ ಕಾಣುವುದು ಬಹುಪಾಲು ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ. ಅದಕ್ಕೆ ಕಾರಣವಿದೆ. 2000ದ ಮೊದಲ ವರ್ಷಗಳಲ್ಲಿ ರಾಜ್ಯದಲ್ಲಿ ಎಚ್‌ಐವಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಒಂದೇ ಅಲಗು ಹತ್ತು ಮುಖಗಳ ಮೇಲೆ ಆಡುವುದು ತಪ್ಪೆಂಬ ತಿಳಿವಳಿಕೆ ಊರೂರಿಗೆ ಮುಟ್ಟಿತು, ಮಸೆಯುವ ಕತ್ತಿ ಪೆಟ್ಟಿಗೆ ಸೇರಿತು. ಅದು ಸರಿಯಾದ ಬದಲಾವಣೆಯೇ. ಈಗಲೂ ಹೊಸ ಬ್ಲೇಡನ್ನು ನಿಮ್ಮೆದುರೇ ಬಿಚ್ಚಲು ಹೇಳಿ. ಕತ್ತಿ ಬದಲಾದರೂ ಹಿರಿಯರ ಕೈ ಅದೇ, ನೀವು ಕಲಿಯಬೇಕಾದದ್ದು ಆ ಕೈಯನ್ನು.

ಆ ಕೈಗಳಿಗೆ ಈ ಸೀಮೆ ತೋರಬೇಕಾದಷ್ಟು ಗೌರವ ತೋರಿಲ್ಲ. ಕ್ಷೌರ ವೃತ್ತಿಯ ಹಡಪದ ಸಮಾಜ ತನ್ನ ಗುರುವೆಂದು ನೆನೆಯುವ ಹಡಪದ ಅಪ್ಪಣ್ಣ 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಹತ್ತಿರವಿದ್ದ ವಚನಕಾರ. ಅಪ್ಪಣ್ಣನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬಹಳ ದೂರವಲ್ಲದ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಗೆ, ಈ ಸಮಾಜದ ಪೀಠವಿದೆ. ಇಂಥ ಪರಂಪರೆಯವರನ್ನು ಜವಳಕ್ಕೆ, ಮದುವೆಗೆ ಕರೆಸಿಕೊಂಡ ಊರು ಸುಗ್ಗಿಯಲ್ಲಿ ಆಯದ ಕಾಳು ಅಳೆದುಕೊಟ್ಟು ಹಿಂದೆಯೇ ಹಗುರವಾಗಿ ಮಾತಾಡಿತು. ಈಗ ಹವ್ಯಾಸಕ್ಕೆಂದು ಕತ್ತಿ ಹಿಡಿಯುವ ನಾವು ಅವರಲ್ಲಿ ಕಲಿಯುವುದಾದರೆ ಗುರುವಿಗೆ ಕೊಡುವ ಮರ್ಯಾದೆ ಕೊಡಬೇಕು, ಸಮಯಕ್ಕೆ ತಕ್ಕ ಹಣವನ್ನೂ ಕೊಡಬೇಕು.

ಇನ್ನು ಕತ್ತಿಯ ಆಯ್ಕೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುತ್ತಾರೆ. ಮೊದಲ ಕತ್ತಿಗೆ 5/8 ಅಥವಾ 6/8 ಸರಿ. ಅದಕ್ಕಿಂತ ಕಿರಿದಾದರೆ ನೊರೆ ಬೇಗ ತುಂಬಿಕೊಳ್ಳುತ್ತದೆ, ಅಗಲವಾದರೆ ಮೂಗಿನ ಕೆಳಗೆ ತಿರುಗಿಸುವುದು ಕಷ್ಟ. ತುದಿ ದುಂಡಗಿರಲಿ. ಚೌಕ ತುದಿ ನೋಡಲು ಚೆಂದ, ಆದರೆ ಪಳಗದ ಕೈಯಲ್ಲಿ ಅದು ಕಿವಿಯ ಹಾಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಅಲಗಿನ ಎರಡೂ ಕೆನ್ನೆಗಳನ್ನು ಎಷ್ಟು ಒಳಕ್ಕೆ ಕೊರೆದಿದ್ದಾರೆಂಬುದು ಮುಂದಿನ ಮಾತು. ಬೆಣೆಯಂತೆ ದಪ್ಪವಿರುವ ಅಲಗು ಮೌನಿ, ಗಡಸು ಗಡ್ಡಕ್ಕೆ ಒಗ್ಗುತ್ತದೆ. ಪೂರ್ತಿ ಕೊರೆದದ್ದು ಕಾಗದದಂತೆ ತೆಳು, ಅದು ಹಾಡುತ್ತದೆ, ಕೈಯ ಪ್ರತಿ ತಪ್ಪನ್ನೂ ಆ ಹಾಡಿನಲ್ಲೇ ಹೇಳಿಬಿಡುತ್ತದೆ. ಅರ್ಧ ಕೊರೆದ ಅಲಗು ಎರಡರ ನಡುವಿನದು. ನನ್ನ ಮತ ಅದಕ್ಕೇ.

ಉಕ್ಕು ಕಾರ್ಬನ್ನಿನದಾಗಿದ್ದರೆ ಮಸೆಯಲು ಸುಲಭ, ತುಕ್ಕು ಮಾತ್ರ ಬೇಗ. ಜರ್ಮನಿಯ ಸೊಲಿಂಗೆನ್, ಫ್ರಾನ್ಸಿನ ತಿಯೇರ್ ಈ ಕೆಲಸದ ಹಳೆಯ ಊರುಗಳು. ಸೊಲಿಂಗೆನ್ ಎಂಬ ಹೆಸರನ್ನು ಯಾರೆಂದರೆ ಅವರು ಅಲಗಿನ ಮೇಲೆ ಒತ್ತದಂತೆ 1938ರಿಂದ ಕಾನೂನಿನ ಕಾವಲಿದೆ. ಅಲ್ಲಿಯ ಹೊಸ ಕತ್ತಿಗೆ ಇಲ್ಲಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಆಗದಿದ್ದರೆ ಹಳೆಯ ಕತ್ತಿ ನೋಡಿ. ಸೊಲಿಂಗೆನ್, ಶೆಫೀಲ್ಡಿನ ಮುದ್ರೆಯ ಹಳೆಯ ಕತ್ತಿಗಳು ನಮ್ಮ ಕಡೆಯ ಪೆಟ್ಟಿಗೆಗಳಲ್ಲೂ ಇದ್ದಾವು. ಕೊಳ್ಳುವಾಗ ಗಾಜಿನ ಮೇಲೆ ಮಲಗಿಸಿ: ಬೆನ್ನು ಮತ್ತು ಬಾಯಿ ಉದ್ದಕ್ಕೂ ಗಾಜಿಗೆ ತಾಗಬೇಕು. ನಡುವೆ ಬೆಳಕು ನುಸುಳಿದರೆ ಅಲಗು ಸೊಟ್ಟಗಾಗಿದೆ. ದೀಪದ ಕೆಳಗೆ ಬಾಯಿಯನ್ನು ಮೇಲಕ್ಕೆ ಹಿಡಿಯಿರಿ. ಹರಿತವಾದ ಬಾಯಿ ಕಾಣುವುದೇ ಇಲ್ಲ, ಮೊಂಡಾದದ್ದು ಬಿಳಿ ಗೆರೆಯಾಗಿ ಮಿಂಚುತ್ತದೆ. ಮೊಂಡಾಗಿದ್ದರೆ ಚಿಂತೆಯಿಲ್ಲ, ಮಸೆಯಬಹುದು. ಬಾಯಿಯ ಹತ್ತಿರ ತುಕ್ಕಿನ ಗುಳಿ ಬಿದ್ದಿದ್ದರೆ, ಕೂದಲೆಳೆಯಷ್ಟು ಸೀಳಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಅರ್ಧ ಬ್ಲೇಡಿನ ಕತ್ತಿಯಿಂದಲೇ ಶುರುಮಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಮಾಡಬಹುದು, ಖರ್ಚು ಕಡಿಮೆ, ಮಸೆಯುವ ಗೊಡವೆಯಿಲ್ಲ. ಆದರೆ ಅದು ಹಗುರ, ಬ್ಲೇಡಿನ ಮೂಲೆ ಚೂಪು, ತಪ್ಪನ್ನು ಮನ್ನಿಸುವುದು ಕಡಿಮೆ. ಮಸೆಯುವ ಕತ್ತಿಗೆ ಇದು ಮೊದಲ ಮೆಟ್ಟಿಲೆಂದು ತಿಳಿದು ಕೊಂಡವರು ಗಾಯ ಮಾಡಿಕೊಂಡು ಎರಡನ್ನೂ ಬಿಡುತ್ತಾರೆ.

ಕತ್ತಿಯಷ್ಟೇ ಮುಖ್ಯ ಚರ್ಮದ ಪಟ್ಟಿ. ಎರಡೂವರೆಯಿಂದ ಮೂರು ಇಂಚು ಅಗಲದ್ದು, ಹಿಂದೆ ಬಟ್ಟೆಯ ಪದರವಿರುವುದು ಒಳ್ಳೆಯದು. ಪ್ರತಿ ಕ್ಷೌರಕ್ಕೂ ಮೊದಲು ಬಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಸಲ, ಚರ್ಮದ ಮೇಲೆ ಐವತ್ತರಷ್ಟು. ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ಮುಟ್ಟಿದಾಗ ಕತ್ತಿ ಬೆನ್ನಿನ ಮೇಲೆಯೇ ಹೊರಳಬೇಕು. ಬಾಯಿಯ ಮೇಲೆ ಹೊರಳಿತೋ, ಚರ್ಮ ಸೀಳಿತು, ಅಲಗೂ ಹಾಳಾಯಿತು. ಪಟ್ಟಿ ಜೋಲು ಬಿದ್ದರೆ ಬಾಯಿ ದುಂಡಗಾಗುತ್ತದೆ, ಅದಕ್ಕೇ ಬಿಗಿಯಾಗಿ ಹಿಡಿಯಬೇಕು. ಸಿನಿಮಾದಲ್ಲಿ ಕಂಡ ಸಪಸಪ ವೇಗ ಬೇಡ. ಮೊದಲ ಪಟ್ಟಿಯ ಮೇಲೆ ಗೀರು ಬೀಳುವುದು ಖಂಡಿತ, ಆದ್ದರಿಂದ ಅಗ್ಗದ್ದನ್ನೇ ತನ್ನಿ.

ಸಾಣೆಕಲ್ಲನ್ನು ಈಗಲೇ ಕೊಳ್ಳಬೇಡಿ. ಮಸೆದು ಸಿದ್ಧವಾದ ಕತ್ತಿಯನ್ನೇ ಕೇಳಿ ತನ್ನಿ. ಪಟ್ಟಿ ಸರಿಯಾಗಿ ಬಳಸಿದರೆ ಎರಡು ಮೂರು ತಿಂಗಳು ಅಲಗು ನಡೆಯುತ್ತದೆ. ಆಮೇಲೆ ಬಲ್ಲವರ ಹತ್ತಿರ ಮಸೆಸಿ. ಮುಂದೆ ನೀವೇ ಕಲ್ಲು ಇಟ್ಟುಕೊಂಡಾಗ ಅದನ್ನು ಆಗಾಗ ಸಪಾಟು ಮಾಡಬೇಕಾಗುತ್ತದೆ. ಅದಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟಿನ ಪಾಲಿಶ್ ಆದ ಒಂದು ತುಂಡು ಸಾಕು. ಮೇಲೆ ನೀರು ಹಚ್ಚಿ ಉಜ್ಜುವ ಮರಳುಕಾಗದ ಹಾಸಿ, ಅದರ ಮೇಲೆ ಕಲ್ಲನ್ನು ಉಜ್ಜಿದರಾಯಿತು.

ಬ್ರಶ್ಶು, ಸೋಪು ಯಾವುದಾದರೂ ನಡೆಯುತ್ತದೆ. ನೀರಿನ ಮಾತು ಮಾತ್ರ ಬೇರೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನು ಹಿಡಿದು ಜಿಡ್ಡು ಮಾಡುತ್ತವೆ, ನೊರೆ ನಿಲ್ಲುವುದಿಲ್ಲ. ಕುಡಿಯಲು ಶುದ್ಧೀಕರಿಸಿದ ನೀರು ಒಂದು ಬಟ್ಟಲು ತೆಗೆದುಕೊಳ್ಳಿ, ಅಥವಾ ಮಳೆನೀರು. ಪಟಿಕದ ತುಂಡೊಂದು ಪಕ್ಕದಲ್ಲಿರಲಿ.

ಮೊದಲ ವಾರ ಎರಡು ಕೆನ್ನೆಗಳನ್ನಷ್ಟೇ ಕತ್ತಿಯಿಂದ ತೆಗೆಯಿರಿ, ಗದ್ದ ಮತ್ತು ಕುತ್ತಿಗೆಯನ್ನು ಹಳೆಯ ರೇಜರಿಗೇ ಬಿಡಿ. ಕುತ್ತಿಗೆಯ ಕೂದಲು ಒಬ್ಬೊಬ್ಬರಿಗೆ ಒಂದೊಂದು ದಿಕ್ಕಿಗಿರುತ್ತದೆ, ಅದನ್ನು ಬೆರಳಿನಿಂದ ತಡವಿ ತಿಳಿಯಲು ಸಮಯ ಬೇಕು. ಮುಗಿದ ಮೇಲೆ ಅಲಗನ್ನು ಒಣಬಟ್ಟೆಯಿಂದ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಅಂಟುಗಟ್ಟುತ್ತದೆ. ಬಚ್ಚಲಮನೆಯ ಹಸಿಯಲ್ಲಿ ಇಡಬೇಡಿ, ಮಕ್ಕಳ ಕೈಗೆ ಎಟುಕುವಲ್ಲಂತೂ ಬೇಡವೇ ಬೇಡ. ಮನೆಯಲ್ಲಿ ಇನ್ನೊಬ್ಬರಿಗೂ ಈ ರುಚಿ ಹತ್ತಿದರೆ ಅವರಿಗೆ ಬೇರೆ ಕತ್ತಿ ಕೊಡಿಸಿ.