ಬಿಲ್ಲು, ಬೇಟೆ ಮತ್ತು ನಂಬಿಕೆ: ಸೊಫೊಕ್ಲಿಸನ ‘ಫಿಲೊಕ್ಟೆಟೀಸ್’

ಗ್ರೀಕ್ ಪುರಾಣಲೋಕದಲ್ಲಿ ಬಿಲ್ಲಿಗೆ ದೊರೆತ ಸ್ಥಾನ ದ್ವಂದ್ವಮಯವಾದುದು. ಅವಳಿಗಳಾದ ಅಪೊಲೊ ಮತ್ತು ಆರ್ಟೆಮಿಸ್ ಬಿಲ್ಲು ಹಿಡಿದ ದೇವತೆಗಳು. ‘ಇಲಿಯಡ್’ ಕಾವ್ಯದ ಆರಂಭದಲ್ಲಿಯೇ ಅಪೊಲೊವಿನ ಬಾಣಗಳು ಗ್ರೀಕರ ಪಾಳೆಯದ ಮೇಲೆ ಪಿಡುಗಾಗಿ ಎರಗುತ್ತವೆ. ದೇವರ ಕೈಯಲ್ಲಿ ಭಯಭಕ್ತಿಗಳನ್ನು ಹುಟ್ಟಿಸುವ ಈ ಆಯುಧ ಮನುಷ್ಯನ ಕೈಗೆ ಬಂದೊಡನೆ ಸಂಶಯಕ್ಕೆ ಒಳಗಾಗುತ್ತದೆ. ಅದೇ ಕಾವ್ಯದ ಹನ್ನೊಂದನೆಯ ಸರ್ಗದಲ್ಲಿ, ಸಮಾಧಿಸ್ತಂಭದ ಮರೆಯಿಂದ ತನ್ನ ಪಾದಕ್ಕೆ ಬಾಣವೆಸೆದ ಪ್ಯಾರಿಸನನ್ನು ಡಯೊಮಿಡೀಸ್ ಮೂದಲಿಸುತ್ತಾನೆ. ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಮೂಲವಾದ ಸೊಫೊಕ್ಲಿಸನ ‘ಏಜಾಕ್ಸ್’ನಲ್ಲಿಯೂ ಮೆನೆಲಾಸನು ಟ್ಯೂಸರನ ಬಿಲ್ಲುಗಾರಿಕೆಯನ್ನು ಹಳಿಯುತ್ತಾನೆ, ತನ್ನ ವಿದ್ಯೆ ಕೀಳಲ್ಲವೆಂದು ಟ್ಯೂಸರ್ ಉತ್ತರಿಸುತ್ತಾನೆ. ಈಟಿ ಹಿಡಿದವನು ಎದುರಾಳಿಯ ಮುಖಾಮುಖಿ ನಿಲ್ಲಬೇಕು, ಬಿಲ್ಲುಗಾರನಿಗೆ ಆ ಹೊಣೆಯಿಲ್ಲ ಎಂಬುದೇ ಈ ಆಕ್ಷೇಪದ ತಿರುಳು.

ಹಾಗಾದರೆ ಬಿಲ್ಲಿಗೆ ಗೌರವ ಬರುವುದು ಎಲ್ಲಿಂದ? ‘ಒಡಿಸ್ಸಿ’ಯ ಇಪ್ಪತ್ತೊಂದನೆಯ ಸರ್ಗ ಇದಕ್ಕೊಂದು ಸುಳಿವು ನೀಡುತ್ತದೆ. ಒಡಿಸ್ಯೂಸನ ಬಿಲ್ಲು ಗೆಳೆಯನಾದ ಇಫಿಟಸ್ ಕೊಟ್ಟ ಕಾಣಿಕೆ. ಆ ನೆನಪಿಗಾಗಿಯೇ ಅವನು ಅದನ್ನು ಟ್ರಾಯ್‌ಗೆ ಒಯ್ಯದೆ ಮನೆಯಲ್ಲಿರಿಸಿದ್ದನು. ಇಫಿಟಸನಾದರೋ ಅತಿಥಿಯಾಗಿ ಹೋದ ಮನೆಯಲ್ಲಿಯೇ ಹೆರಾಕ್ಲೀಸನಿಂದ ಹತನಾದವನು. ಹೀಗೆ ಸ್ನೇಹ ಮತ್ತು ಆತಿಥ್ಯದ್ರೋಹ ಎರಡರ ನೆನಪನ್ನೂ ಹೊತ್ತ ಬಿಲ್ಲಿನಿಂದಲೇ, ಆತಿಥ್ಯಧರ್ಮವನ್ನು ಮೀರಿದ ಪೆನೆಲೊಪೆಯ ವರಾಕಾಂಕ್ಷಿಗಳು ದಂಡನೆಗೆ ಗುರಿಯಾಗುತ್ತಾರೆ.

ಈ ಸುಳಿವನ್ನು ದುರಂತನಾಟಕದ ಆಳಕ್ಕೆ ಒಯ್ದ ಕೃತಿ ಕ್ರಿ.ಪೂ. 409ರಲ್ಲಿ ಪ್ರದರ್ಶನಗೊಂಡ ‘ಫಿಲೊಕ್ಟೆಟೀಸ್’. ಹೆರಾಕ್ಲೀಸನ ಚಿತೆಗೆ ಕಿಚ್ಚಿಟ್ಟು ಅವನ ಬಿಲ್ಲನ್ನು ಪಡೆದ ಫಿಲೊಕ್ಟೆಟೀಸ್, ಹಾವು ಕಚ್ಚಿ ಕೊಳೆತ ಪಾದದ ದುರ್ನಾತದಿಂದಾಗಿ ಲೆಮ್ನೋಸ್ ದ್ವೀಪದಲ್ಲಿ ತನ್ನವರಿಂದಲೇ ಪರಿತ್ಯಕ್ತನಾಗುತ್ತಾನೆ. ಹತ್ತನೆಯ ವರ್ಷದಲ್ಲಿ, ಆ ಬಿಲ್ಲಿಲ್ಲದೆ ಟ್ರಾಯ್ ಬೀಳದೆಂದು ತಿಳಿದ ಒಡಿಸ್ಯೂಸನು ಅಕಿಲೀಸನ ಮಗ ನಿಯೊಪ್ಟೊಲೆಮಸನನ್ನು ಮುಂದಿಟ್ಟುಕೊಂಡು ಮೋಸಕ್ಕೆ ಹೊರಡುತ್ತಾನೆ. ಈ ಕಥೆಯನ್ನು ಈಸ್ಕಿಲಸ್, ಯುರಿಪಿಡೀಸರೂ ನಾಟಕವಾಗಿಸಿದ್ದರು. ಅವೀಗ ಲುಪ್ತವಾಗಿದ್ದರೂ, ಮೂರನ್ನೂ ಹೋಲಿಸಿ ಬರೆದ ದಿಯೊ ಕ್ರಿಸೊಸ್ಟೊಮನಿಂದ ಸೊಫೊಕ್ಲಿಸನ ಹೊಸತನ ತಿಳಿಯುತ್ತದೆ: ದ್ವೀಪವನ್ನು ನಿರ್ಜನಗೊಳಿಸಿದವನೂ, ನಿಯೊಪ್ಟೊಲೆಮಸನನ್ನು ಕಥೆಯೊಳಗೆ ತಂದವನೂ ಅವನೇ.

ನಿರ್ಜನ ದ್ವೀಪದಲ್ಲಿ ಬಿಲ್ಲು ಯುದ್ಧಾಯುಧವಾಗಿ ಉಳಿಯುವುದಿಲ್ಲ; ಹಕ್ಕಿಗಳನ್ನು ಹೊಡೆದು ಹೊಟ್ಟೆ ಹೊರೆಯುವ ಜೀವನಾಧಾರವಾಗುತ್ತದೆ. ಅದು ಕೈತಪ್ಪಿದಾಗ, ತಾನು ಬೇಟೆಯಾಡಿದ ಪ್ರಾಣಿಗಳಿಗೆ ಇನ್ನು ತಾನೇ ಆಹಾರವೆಂದು ಫಿಲೊಕ್ಟೆಟೀಸ್ ಗೋಳಿಡುತ್ತಾನೆ. ಆರ್ಟೆಮಿಸಳ ಕೋಪದಿಂದ ಜಿಂಕೆಯಾಗಿ ತನ್ನ ನಾಯಿಗಳಿಗೇ ಬಲಿಯಾದ ಆಕ್ಟಿಯಾನನಂತೆ ಇಲ್ಲಿಯೂ ಬೇಟೆಗಾರ ಬೇಟೆಯಾಗುತ್ತಾನೆ. ಆದರೆ ಇಲ್ಲಿ ಅದಕ್ಕೆ ಕಾರಣ ದೈವಕೋಪವಲ್ಲ, ಮನುಷ್ಯನ ವಂಚನೆ.

ಎಡ್ಮಂಡ್ ವಿಲ್ಸನ್ 1941ರ ತನ್ನ ಪ್ರಸಿದ್ಧ ಕೃತಿಯಲ್ಲಿ ಗಾಯ ಮತ್ತು ಬಿಲ್ಲುಗಳ ನಂಟನ್ನು ಪ್ರತಿಭೆಯ ರೂಪಕವಾಗಿ ಓದಿದನು. ಈ ಓದು ಫಲವತ್ತಾದುದೇ ಆದರೂ ಒಂದಂಶವನ್ನು ಮರೆಯಲಾಗದು. ಗಾಯ ಹಾವಿನಿಂದ ಬಂದುದು, ಬಿಲ್ಲು ಉಪಕಾರಕ್ಕೆ ಪ್ರತಿಯಾಗಿ ದೊರೆತುದು. ಅದರ ಸತ್ತ್ವವಿರುವುದು ಅದು ಕೈಯಿಂದ ಕೈಗೆ ಸಾಗುವ ಬಗೆಯಲ್ಲಿ. ನೋವಿನಲ್ಲಿ ಮೈಮರೆಯುವ ಮುನ್ನ ಫಿಲೊಕ್ಟೆಟೀಸ್ ನಂಬಿ ಒಪ್ಪಿಸಿದ ಬಿಲ್ಲನ್ನು, ಒಡಿಸ್ಯೂಸನ ಬೆದರಿಕೆಗೂ ಜಗ್ಗದೆ ನಿಯೊಪ್ಟೊಲೆಮಸ್ ಹಿಂದಿರುಗಿಸುವ ಗಳಿಗೆಯೇ ನಾಟಕದ ನಿಜವಾದ ಶಿಖರ.

ಕೊನೆಯಲ್ಲಿ ಹೆರಾಕ್ಲೀಸ್ ಪ್ರತ್ಯಕ್ಷನಾಗುವುದು ಕೃತಕವೆಂಬ ಮಾತಿದೆ. ಆದರೆ ಬಿಲ್ಲನ್ನು ದಾನವಾಗಿ ಕಂಡಾಗ, ಅದರ ಋಣವನ್ನು ನೆನಪಿಸಲು ದಾನಿಯೇ ಬರುವುದು ಸಹಜ. ಒಬ್ಬನಿಲ್ಲದೆ ಇನ್ನೊಬ್ಬನಿಗೆ ಗೆಲುವಿಲ್ಲ, ಟ್ರಾಯ್ ಬಿದ್ದಾಗ ದೇವರುಗಳಿಗೆ ಅಪಚಾರವೆಸಗದಿರಿ ಎಂದು ಅವನು ಎಚ್ಚರಿಸುತ್ತಾನೆ. ಮುಂದೆ ಇದೇ ನಿಯೊಪ್ಟೊಲೆಮಸ್ ಮುದುಕ ಪ್ರಿಯಾಮನನ್ನು ಜ್ಯೂಸನ ಬಲಿಪೀಠದ ಬಳಿಯೇ ಕೊಂದನೆಂಬ ಕಥೆ ಅಥೆನ್ಸಿನ ಪ್ರೇಕ್ಷಕರಿಗೆ ಗೊತ್ತಿತ್ತು. ಬಿಲ್ಲನ್ನು ಹಿಂದಿರುಗಿಸಿದ ಕೈಯೇ ಮುಂದೆ ಆ ಕೊಲೆಗೈಯುವುದೆಂಬ ಅರಿವು, ಸುಖಾಂತವೆನಿಸುವ ಈ ನಾಟಕವನ್ನು ದುರಂತದ ನೆರಳಿನಲ್ಲಿಯೇ ನಿಲ್ಲಿಸುತ್ತದೆ.