ಒಂದು ದಿನದ ಸ್ಥೈರ್ಯ

ನಡೆದ ಇತಿಹಾಸವನ್ನು ಅರಿತಮೇಲೆ ನಡೆಯಬಹುದಾಗಿದ್ದ ಇತಿಹಾಸವನ್ನು ಊಹಿಸುವ ವ್ಯಾಸಂಗವು ರಸಿಕರಿಗೆ ಉಚಿತವಾದುದೇ. ಆದರೆ ಅದಕ್ಕೊಂದು ಕಟ್ಟುನಿಟ್ಟಾದ ನಿಯಮವುಂಟು. ಯಾವ ಅರಸನಿಗೂ ಅವನಲ್ಲಿಲ್ಲದ ಬುದ್ಧಿಯನ್ನು ನಾವು ದಾನಮಾಡತಕ್ಕದ್ದಲ್ಲ. ಅವನಲ್ಲಿದ್ದುದಕ್ಕೆ ಕೊಂಚ ಆಯುಸ್ಸನ್ನೋ ಕೊಂಚ ಸ್ಥೈರ್ಯವನ್ನೋ ಕೂಡಿಸಬಹುದು, ಅಷ್ಟೆ. 1914ರ ಮಹಾಯುದ್ಧವನ್ನು ಯಾವ ದೊರೆ ತಡೆಯಬಹುದಾಗಿತ್ತೆಂಬ ಪ್ರಶ್ನೆಯನ್ನು ಈ ನಿಯಮದ ಒರೆಗೆ ಹಚ್ಚಿ ನೋಡೋಣ.

ಮೊದಲು ನೆನಪಾಗುವವನು ಜರ್ಮನಿಯ ಮೂರನೆಯ ಫ್ರೆಡರಿಕ್. ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಪತಿಯೂ ಇಂಗ್ಲೆಂಡಿನ ಪಾರ್ಲಿಮೆಂಟ್ ಪದ್ಧತಿಯಲ್ಲಿ ಆದರವುಳ್ಳವನೂ ಆಗಿದ್ದ ಈತನು, 1888ರ ಮಾರ್ಚ್ ತಿಂಗಳಲ್ಲಿ ಪಟ್ಟವೇರುವಾಗಲೇ ಗಂಟಲಿನ ಕ್ಯಾನ್ಸರಿನಿಂದ ಮಾತು ಕಳೆದುಕೊಂಡಿದ್ದು, 99 ದಿನಗಳ ಆಳ್ವಿಕೆಯಲ್ಲಿಯೇ ಗತಿಸಿದನು. ಅವನ ಮಗ ಎರಡನೆಯ ವಿಲ್ಹೆಲ್ಮನು 1890ರಲ್ಲಿ ಬಿಸ್ಮಾರ್ಕನನ್ನು ತೊಲಗಿಸಿ, ರಷ್ಯದೊಡನಿದ್ದ ಗುಪ್ತ ಒಪ್ಪಂದವನ್ನು ಕೈಬಿಟ್ಟು, ಮುಂದೆ ನೌಕಾಬಲದ ಪೈಪೋಟಿಯಿಂದ ಇಂಗ್ಲೆಂಡನ್ನೂ ದೂರಮಾಡಿಕೊಂಡನು. ತಂದೆ ಬಾಳಿದ್ದರೆ ಇವೆಲ್ಲ ತಪ್ಪುತ್ತಿದ್ದುವೇನೋ. ಆದರೆ ಇಪ್ಪತ್ತಾರು ವರ್ಷಗಳ ಉದ್ದಕ್ಕೂ ಊಹೆಯ ಮೇಲೆ ಊಹೆಯನ್ನು ಪೇರಿಸಬೇಕಾದ ವಾದವು ದುರ್ಬಲವೇ ಸರಿ.

ಎರಡನೆಯವನು ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನೆಂಡ್. ಸೆರ್ಬಿಯದ ಮೇಲೆ ದಂಡೆತ್ತಬೇಕೆಂದು ಸೇನಾಧಿಪತಿ ಕಾನ್ರಾಡನು ಹಟಹಿಡಿದಿದ್ದಾಗ, 1913ರಲ್ಲಿ, ರಷ್ಯದೊಡನೆ ಯುದ್ಧವಾದರೆ ಎರಡು ಸಿಂಹಾಸನಗಳೂ ಉರುಳುವುವೆಂಬ ಭಯದಿಂದ ಅದನ್ನು ವಿರೋಧಿಸಿದವನು ಈತನೇ. ಸರಜೆವೊದಲ್ಲಿ 1914ರ ಜೂನ್ 28ರಂದು ಗುಂಡೇಟಿಗೆ ಬಲಿಯಾದವನೂ ಈತನೇ. ಆದರೆ ಅವನು ಬದುಕಿದ್ದರೆ ಯುದ್ಧದ ನೆಪವೇ ಇಲ್ಲವಾಗುತ್ತಿತ್ತು. ಅದು ಕೊಲೆಗಾರನ ಗುರಿ ತಪ್ಪಿದುದರ ಫಲವೇ ಹೊರತು ರಾಜನೀತಿಯ ವಿಜಯವಲ್ಲ.

ಉಳಿದವನು ರಷ್ಯದ ಎರಡನೆಯ ನಿಕೊಲಸ್. ಜುಲೈ 29ರಂದು, ಈ ಕೊಲೆಯಿಂದ ಹುಟ್ಟಿದ ಆಸ್ಟ್ರಿಯ-ಸೆರ್ಬಿಯಗಳ ವ್ಯಾಜ್ಯವನ್ನು ಹೇಗ್ ನ್ಯಾಯಪೀಠಕ್ಕೆ ಒಪ್ಪಿಸೋಣವೆಂದು ವಿಲ್ಹೆಲ್ಮನಿಗೆ ತಂತಿ ಕಳುಹಿಸಿದ ಈ ದೊರೆಯು, ಆ ರಾತ್ರಿ ಅವನಿಂದ ಬಂದ ತಂತಿಯನ್ನೋದಿ, ಸರ್ವಸೇನೆಯನ್ನು ಸಜ್ಜುಗೊಳಿಸುವ ಆಜ್ಞೆಯನ್ನು ಹಿಂತೆಗೆದುಕೊಂಡನು. ಮರುದಿನ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಝೋನೊವನ ಒತ್ತಾಯಕ್ಕೆ ಮಣಿದು ಅದೇ ಆಜ್ಞೆಯನ್ನು ಮತ್ತೆ ಹೊರಡಿಸಿದನು. ಇಲ್ಲಿ ಬೇಕಾಗಿದ್ದುದು ಹೊಸ ಬುದ್ಧಿಯೂ ಅಲ್ಲ, ದೀರ್ಘಾಯುಸ್ಸೂ ಅಲ್ಲ. ರಾತ್ರಿಯ ನಿಶ್ಚಯವನ್ನು ಹಗಲಿನಲ್ಲಿಯೂ ಕಾಯ್ದುಕೊಳ್ಳುವ ಸ್ಥೈರ್ಯ. ಆಸ್ಟ್ರಿಯದ ಅಂತಿಮ ಎಚ್ಚರಿಕೆಗೆ ಸೆರ್ಬಿಯವು ಕೊಟ್ಟ ಉತ್ತರವನ್ನು ಕಂಡು ಯುದ್ಧಕ್ಕೆ ಕಾರಣವೇ ಉಳಿದಿಲ್ಲವೆಂದು ವಿಲ್ಹೆಲ್ಮನೇ 28ರಂದು ಬರೆದಿದ್ದನು. ಆಸ್ಟ್ರಿಯದ ಸೇನೆ ಬೆಲ್‌ಗ್ರೇಡಿನಲ್ಲಿಯೇ ನಿಲ್ಲಲಿ ಎಂಬ ಸಲಹೆ ಬರ್ಲಿನ್ನಿನಲ್ಲಿಯೂ ಲಂಡನ್ನಿನಲ್ಲಿಯೂ ಮೂಡಿತ್ತು. ಸಂಧಾನಕ್ಕೆ ಕೊರತೆಯಾದುದು ಕಾಲವೊಂದೇ, ಆ ಕಾಲವನ್ನು ನೀಡುವ ಅಧಿಕಾರವೋ ನಿಕೊಲಸನ ಕೈಯಲ್ಲಿತ್ತು. ಜರ್ಮನ್ ಸೇನಾನಿಗಳು ಬೇರೆ ನೆಪ ಹುಡುಕುತ್ತಿದ್ದರೆನ್ನಬಹುದು. ಆದರೆ ರಷ್ಯವೇ ಮೊದಲು ಸಜ್ಜಾಯಿತೆಂದು ಹೇಳಲಾಗದಿದ್ದಲ್ಲಿ ಸ್ವದೇಶದ ಸಮಾಜವಾದಿಗಳನ್ನು ಒಪ್ಪಿಸುವುದು ಅವರಿಗೆ ದುಸ್ಸಾಧ್ಯವಾಗುತ್ತಿತ್ತು.

ಆದುದರಿಂದ ನನ್ನ ನಿರ್ಣಯವು ನಿಕೊಲಸನ ಕಡೆಗೆ. ನಮ್ಮ ಮೈಸೂರಿನ ಅಶ್ವದಳವನ್ನೂ ದೂರದ ಹೈಫಾದವರೆಗೆ ಎಳೆದೊಯ್ದ ಆ ಯುದ್ಧವನ್ನು ವಿಧಿಲಿಖಿತವೆಂದು ನಂಬಿರುವ ಓದುಗರು, ಜುಲೈ 29 ಮತ್ತು 30ರ ವೃತ್ತಾಂತವನ್ನು ಮತ್ತೊಮ್ಮೆ ಸಾವಧಾನವಾಗಿ ಓದಬೇಕೆಂದು ಬೇಡುತ್ತೇನೆ.